ನಾನು ಕರೆಯದ ವಡಾಲ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಮದುವೆಯಾದ ಮೊದಲ ತಿಂಗಳಲ್ಲೇ ನನ್ನ ಹೆಂಡತಿ ಇದನ್ನು ಕಂಡುಹಿಡಿದು, "ನಿಮ್ಮ ಕಾಲಿಗೆ ಚಕ್ರ ಕಟ್ಟಿದೆ ಕಣ್ರೀ" ಎಂದಿದ್ದಳು. ಲಿಫ್ಟ್ ರಿಪೇರಿ ಮಾಡಿಸುವ ನೌಕರಿ ಈ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿದೆ. ಬೊರಿವಲಿಯಿಂದ ಬೆಳಗಿನ ಲೋಕಲ್ ಹಿಡಿದರೆ ಸಂಜೆಯವರೆಗೆ ಒಂದು ಬಿಲ್ಡಿಂಗಿನಿಂದ ಇನ್ನೊಂದಕ್ಕೆ ಓಡಾಟ. ಅಂಥವನು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಾತ್ರ ಬಾಲ್ಕನಿ ಪಕ್ಕದ ಮೇಜಿನೆದುರು ಮೈಕ್ ಹಿಡಿದು ಮುಕ್ಕಾಲು ಗಂಟೆ ಕದಲದೆ ಕೂರುತ್ತಿದ್ದೆ. ಕದಲದೆ ಅನ್ನುವುದೂ ಪೂರ್ತಿ ನಿಜವಲ್ಲ. ಮೇಜಿನ ಕೆಳಗೆ ಮೊಣಕಾಲು ಕುಣಿಯುತ್ತಲೇ ಇರುತ್ತಿತ್ತು.

ಆ ಮುಕ್ಕಾಲು ಗಂಟೆ ನಮ್ಮ ಹಾಜರಿ. ನಾವು ಹ್ಯಾಮ್ ರೇಡಿಯೋದವರು. ಪರೀಕ್ಷೆ ಬರೆದು, ಲೈಸೆನ್ಸ್ ತೆಗೆದುಕೊಂಡು, ಸ್ವಂತ ಸೆಟ್ಟಿನಲ್ಲಿ ಗಾಳಿಯ ಮೂಲಕ ಮಾತಾಡುವ ಹವ್ಯಾಸದವರು. ಮಳೆ ಹೊಡೆದು ಮೊಬೈಲ್ ಟವರುಗಳು ಕೈಕೊಟ್ಟ ದಿನ ಈ ಹವ್ಯಾಸ ಊರಿಗೆ ಉಪಯೋಗಕ್ಕೆ ಬರಲಿ ಎಂದು ಒಂದು ಗುಂಪು ಕಟ್ಟಿಕೊಂಡಿದ್ದೆವು. ಎತ್ತರದ ಕಟ್ಟಡವೊಂದರ ಟೆರೇಸಿನಲ್ಲಿ ನಮ್ಮ ರಿಪೀಟರ್ ಇದೆ. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನ ದನಿಯನ್ನು ಅದು ಹಿಡಿದು ಮುಂಬಯಿಯ ಈ ತುದಿಯಿಂದ ಆ ತುದಿಗೆ ಮುಟ್ಟಿಸುತ್ತದೆ. ವಾರಕ್ಕೊಮ್ಮೆ ಒಬ್ಬರು ಪಟ್ಟಿ ಹಿಡಿದು ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆಯುತ್ತಾರೆ, ಕರೆಸಿಕೊಂಡವರು ಓಗೊಡುತ್ತಾರೆ. ಸೆಟ್ ಸರಿಯಿದೆ, ಬ್ಯಾಟರಿ ಇದೆ, ಮನುಷ್ಯ ಇದ್ದಾನೆ ಎಂದು ತಿಳಿಯುವುದಕ್ಕೆ ಅಷ್ಟು ಸಾಕು.

ಗಾಳಿಯಲ್ಲಿ ನಮಗೆ ಹೆಸರು ಮುಖ್ಯವಲ್ಲ. ಅಕ್ಷರ, ಅಂಕಿ ಸೇರಿಸಿ ಸರ್ಕಾರ ಕೊಟ್ಟ ಕಾಲ್‌ಸೈನ್ ಹೇಳುತ್ತೇವೆ, ಅದರ ಹಿಂದೆಯೇ ನಾವಿರುವ ಜಾಗ. ದಿನ ಕಳೆದಂತೆ ಜಾಗವೇ ಮನುಷ್ಯನ ಹೆಸರಾಗಿಬಿಡುತ್ತದೆ. ನಾನು ಬೊರಿವಲಿ. ಈ ಗುಂಪು ಕಟ್ಟಿದವರು ಮಾಟುಂಗ.

ಮಾಟುಂಗದವರನ್ನು ನಾವೆಲ್ಲ ಮಾಮ ಎನ್ನುತ್ತೇವೆ. ಉಡುಪಿ ಕಡೆಯವರು, ಅರವತ್ತೇಳು ವರ್ಷ. ಹದಿನಾರನೇ ವಯಸ್ಸಿಗೆ ಇಲ್ಲಿನ ಹೋಟೆಲೊಂದಕ್ಕೆ ಸಪ್ಲೈಯರ್ ಆಗಿ ಬಂದು, ಅದೇ ಹೋಟೆಲಿನ ಮ್ಯಾನೇಜರ್ ಆಗಿ, ಈಗಲೂ ದಿನಾ ಬೆಳಿಗ್ಗೆ ಅಲ್ಲಿ ಹೋಗಿ ಕೂರುವವರು. ಹಾಜರಿ ಕರೆಯುವ ಕೆಲಸ ಮೊದಲು ಅವರದಾಗಿತ್ತು. ಅವರ ಹಾಜರಿ ಎಂದರೆ ಅರ್ಧ ಮದುವೆಮನೆ. ಒಬ್ಬನ ಮಂಡಿನೋವು, ಇನ್ನೊಬ್ಬನ ಮಗಳ ಪರೀಕ್ಷೆ, ಯಾರ ಮನೆಯಲ್ಲಿ ಹಲಸಿನ ಕಡುಬು, ಎಲ್ಲ ವಿಚಾರಿಸಿಯೇ ಮುಂದಿನವರ ಸರದಿ. ಪಟ್ಟಿ ಮುಗಿದ ಮೇಲೆ ಒಂದು ಕ್ಷಣ ತಡೆದು, "ಯಾರಾದ್ರೂ ಬಾಕಿ ಉಂಟಾ?" ಎಂದು ಕೇಳುತ್ತಿದ್ದರು. ಪಂಕ್ತಿಯಲ್ಲಿ ಬಡಿಸಿಕೊಂಡು ಕೊನೆಯ ಎಲೆಗೆ ಬಂದವರು ಹಿಂತಿರುಗಿ ನೋಡಿ ಕೇಳುವ ಮಾತು ಅದು. ಆಗ ಬಾಕಿ ಇದ್ದವರೆಲ್ಲ ಹೊರಗೆ ಬರುತ್ತಿದ್ದರು: ಸ್ನಾನಕ್ಕೆ ಹೋಗಿದ್ದವನು, ಲೋಕಲ್‌ನಲ್ಲಿ ಸಿಕ್ಕಿಹಾಕಿಕೊಂಡವನು, ಪಟ್ಟಿಯಲ್ಲೇ ಇಲ್ಲದ ಯಾವನೋ ಪುಣೆ ಕಡೆಯವನು. ಇನ್ನೂ ಹದಿನೈದು ನಿಮಿಷ ಮಾತು. ಬೊರಿವಲಿಯಲ್ಲಿ ನಾನು ಹಲ್ಲು ಕಡಿಯುತ್ತಿದ್ದೆ.

ಕೆಮ್ಮು ಜಾಸ್ತಿಯಾಗಿ ಅವರು ಪಟ್ಟಿಯನ್ನು ನನಗೆ ಒಪ್ಪಿಸಿದಾಗ ನನಗೆ ಹಿಡಿಸಲಾರದಷ್ಟು ಖುಷಿಯಾಯಿತು. ಮೊದಲ ತಿಂಗಳಲ್ಲೇ ಮೂರು ಕಾನೂನು ಮಾಡಿದೆ. ಹಾಜರಿಯಲ್ಲಿ ಹರಟೆಯಿಲ್ಲ. ಕರೆಯದೆ ಯಾರೂ ಬಾಯಿ ತೆಗೆಯುವಂತಿಲ್ಲ. ಹೇಳದೆ ಕೇಳದೆ ಸತತ ಮೂರು ವಾರ ತಪ್ಪಿಸಿದವರ ಹೆಸರು ಪಟ್ಟಿಯಿಂದ ಹೊರಗೆ. ಮಾಮನ ಕೊನೆಯ ಪ್ರಶ್ನೆಯನ್ನು ತೆಗೆದುಹಾಕಿದ್ದಕ್ಕೆ ಕಾನೂನೂ ಬೇಕಾಗಲಿಲ್ಲ. ಸುಮ್ಮನೆ ಕೇಳುವುದನ್ನು ಬಿಟ್ಟೆ. ಮುಕ್ಕಾಲು ಗಂಟೆಯ ಕೆಲಸ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು. ಅದನ್ನು ನಾನು ಸುಧಾರಣೆ ಎಂದು ತಿಳಿದಿದ್ದೆ.

"ನೀವು ಹಾಜರಿ ಕರೆಯೋದು ಕೇಳಿದ್ರೆ ನಮ್ಮ ಮಿಡ್ಲ್ ಸ್ಕೂಲ್ ಹೆಡ್‌ಮಾಸ್ಟರ್ ನೆನಪಾಗ್ತಾರೆ," ಎಂದಳು ಹೆಂಡತಿ.

"ಒಳ್ಳೇದೇ ಆಯ್ತಲ್ಲ."

"ಅವರು ರಿಟೈರ್ ಆದ ದಿನ ಸ್ಕೂಲಿಗೆಲ್ಲ ಮೈಸೂರ್ ಪಾಕ್ ಹಂಚಿದ್ರು ಕಣ್ರೀ. ನಾವು ಮಕ್ಕಳೇ ಸೇರಿ ಹಂಚಿದ್ದು."

ಜನ ಸೇರಿಸುವುದು ಸುಲಭವಲ್ಲ. ಸೇರಿದವರನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಪ್ರತಿ ವರ್ಷ ರಾಜ್ಯೋತ್ಸವದ ದಿನ ಮಾಟುಂಗದ ಸಂಘವೊಂದರ ಹಾಲಿನಲ್ಲಿ ಮೇಜು ಹಾಕಿ, ಮೇಲೆ ಎರಡು ಸೆಟ್ ಇಟ್ಟು ಕೂರುತ್ತಿದ್ದೆವು. ಬಂದವರೆಲ್ಲ ಒಂದೇ ಮಾತು ಕೇಳುತ್ತಿದ್ದರು: "ವಾಟ್ಸಾಪ್ ಇದೆಯಲ್ಲ ಸರ್, ಇದು ಯಾಕೆ?" ನಾನು ಮೊದಲ ಐದು ಜನಕ್ಕೆ ಸಮಾಧಾನದಿಂದ ಹೇಳುತ್ತಿದ್ದೆ. ಆರನೆಯವನಿಗೆ, "ಕುತ್ತಿಗೆವರೆಗೆ ನೀರು ಬಂದಾಗ ವಾಟ್ಸಾಪ್ ಮಾಡಿ, ಯಾರು ಬರ್ತಾರೋ ನೋಡೋಣ" ಎಂದುಬಿಡುತ್ತಿದ್ದೆ. ಅವನು ಮುಖ ಚಿಕ್ಕದು ಮಾಡಿಕೊಂಡು ಪಕ್ಕದ ಪುಸ್ತಕದ ಮೇಜಿಗೆ ಹೋಗುತ್ತಿದ್ದ.

ಮಾಮ ನನ್ನ ಅಂಗಿಯ ತೋಳು ಎಳೆದು ಹೇಳುತ್ತಿದ್ದರು, "ಹೆಣ್ಣು ನೋಡ್ಲಿಕ್ಕೆ ಹೋದಲ್ಲಿ ಯಾರಾದ್ರೂ ಜಗಳ ಮಾಡ್ತಾರಾ ಮಾರಾಯ್ರೆ?"

ಅವರ ದಾರಿಯೇ ಬೇರೆ. ವಾದ ಮಾಡುತ್ತಿರಲಿಲ್ಲ. ಸೆಟ್ಟನ್ನು ಬಂದವರ ಕಿವಿಯ ಹತ್ತಿರ ಹಿಡಿದು, ದೂರದಲ್ಲೆಲ್ಲೋ ಇಬ್ಬರು ಮಾತಾಡುವುದನ್ನು ಕೇಳಿಸುತ್ತಿದ್ದರು. "ಈ ಜನ ಠಾಣೆಯಲ್ಲಿ ಇರುವುದು. ನಡುವೆ ತಂತಿ ಇಲ್ಲ, ಕಂಪನಿ ಇಲ್ಲ. ನೋಡಿ ಬೇಕಾದರೆ." ಅಷ್ಟೇ. ಅದಕ್ಕೆ ಬಿದ್ದವರು ಬೀಳುತ್ತಿದ್ದರು. ಅವರಲ್ಲೂ ಹೆಚ್ಚಿನವರು ಪರೀಕ್ಷೆ ಪಾಸು ಮಾಡಿ, ಲೈಸೆನ್ಸಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿ, ವಾಟ್ಸಾಪಿನಲ್ಲಿ ಅದರ ಫೋಟೋ ಹಾಕಿ ಮಾಯವಾಗುತ್ತಿದ್ದರು. ಮಾಯವಾದವರಿಗೆ ಮಾಮ ಫೋನ್ ಮಾಡಿ ಊಟ ಆಯಿತೇ ಎಂದು ಕೇಳುತ್ತಿದ್ದರು. ನಾನು ಅವರ ಹೆಸರಿನ ಮೇಲೆ ಗೀಟು ಎಳೆಯುತ್ತಿದ್ದೆ.

ವಡಾಲದ ಹುಡುಗಿ ಬಂದದ್ದು ಮಾಮನ ಹೋಟೆಲಿನಿಂದ. ಹುಡುಗಿ ಎಂದರೆ ಮೂವತ್ತರ ಹತ್ತಿರದವಳು. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ. ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಅಮ್ಮನ ಜೊತೆ ಒಂದು ಭಾನುವಾರ ತಿಂಡಿಗೆ ಬಂದಾಗ ಮಾಮ ಕೌಂಟರಿನ ಮೇಲಿಟ್ಟಿದ್ದ ಸೆಟ್ಟಿನಲ್ಲಿ ನನ್ನ ಹಾಜರಿ ನಡೆಯುತ್ತಿತ್ತಂತೆ. "ಯೇ ಕೌನ್ ಹೈ, ಇಷ್ಟು ಸ್ಟ್ರಿಕ್ಟ್?" ಎಂದು ನಕ್ಕು, ಇಡ್ಲಿ ಬಿಟ್ಟು ಪೂರ್ತಿ ಕೇಳಿದಳಂತೆ. ಆರು ತಿಂಗಳಲ್ಲಿ ಪರೀಕ್ಷೆ ಬರೆದಳು. ಲೈಸೆನ್ಸ್ ಬರುವವರೆಗೆ ದಿನಾ ಅಂಚೆಯವನನ್ನು ಕಾದಳು. ಅವಳ ಕನ್ನಡ ಎರಡು ಹೆಜ್ಜೆಗೊಮ್ಮೆ ಎಡವಿ ಹಿಂದಿಯ ಕೈ ಹಿಡಿಯುತ್ತಿತ್ತು, ಆದರೆ ಸೆಟ್ಟಿನ ಮೇಲೆ ಅವಳಷ್ಟು ಚೊಕ್ಕವಾಗಿ ವರದಿ ಕೊಡುವವರು ನಮ್ಮಲ್ಲಿ ಇರಲಿಲ್ಲ. ಲ್ಯಾಬಿನ ಅಭ್ಯಾಸ ಇರಬೇಕು. ಏನು, ಎಲ್ಲಿ, ಎಷ್ಟು, ಮುಗಿಯಿತು.

ಅವಳನ್ನು ನಾನು ಒಮ್ಮೆ ಗಾಳಿಯಲ್ಲೇ ಬೈದೆ. ಮಳೆಗಾಲಕ್ಕೆ ಮುಂಚೆ ಒಂದು ಅಣಕು ಕಸರತ್ತು ಮಾಡುತ್ತಿದ್ದೆವು. ನೆರೆ ಬಂದಿದೆ ಎಂದುಕೊಂಡು, ಒಬ್ಬೊಬ್ಬರೂ ಒಂದೊಂದು ಜಾಗದಿಂದ ವರದಿ ಕೊಡಬೇಕು. ನಾನು ದಾದರಿನವನ ಜೊತೆ ಮಾತಾಡುತ್ತಿದ್ದಾಗ ಅವಳು ನಡುವೆ ಬಂದು, ನಾವು ಸೇರಬೇಕಾಗಿದ್ದ ಶಾಲೆಗೆ ಬೀಗ ಹಾಕಿದೆ ಎಂದಳು. ನಿಜವಾದ ಮಾತು, ಬೇಕಾದ ಮಾತು. ಆದರೆ ನಾನು ಕರೆದಿರಲಿಲ್ಲ. "ವಡಾಲ, ಕರೆದಾಗ ಮಾತ್ರ ಮಾತಾಡುವುದು ಕಲಿಯಿರಿ. ಇದು ನಿಮ್ಮ ಚಾಳಿನ ನಲ್ಲಿಕಟ್ಟೆಯಲ್ಲ," ಎಂದೆ. ಹತ್ತೊಂಬತ್ತು ಜನ ಕೇಳಿಸಿಕೊಂಡರು. ಆಮೇಲೆ, "ರೋಜರ್ ಅಂಕಲ್. ಸ್ಟ್ಯಾಂಡಿಂಗ್ ಬೈ," ಎಂದಳು. ಅಂದರೆ ತಿಳಿಯಿತು, ಕಾದಿರುತ್ತೇನೆ.

ಅಲ್ಲಿಂದಾಚೆ ಅವಳು ಒಂದೇ ಒಂದು ಸಲ ಕೂಡ ಕರೆಯದೆ ಮಾತಾಡಲಿಲ್ಲ. ನೋಡಿ, ಹೇಳಿದ ಮೇಲೆ ಕಲಿತಳು ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದೂ ನಾನೇ.

ಮರುವರ್ಷ ಏಪ್ರಿಲ್‌ನಲ್ಲಿ ಅವಳು ಮೂರು ಭಾನುವಾರ ಬರಲಿಲ್ಲ. ಮೂರನೆಯ ವಾರ ಎರಡು ಸಲ ಕರೆದೆ, ಓಗೊಡಲಿಲ್ಲ. ಆ ದಿನ ಬೇರೆ ಐದು ಜನ ತಪ್ಪಿಸಿಕೊಂಡಿದ್ದರು, ನನ್ನ ತಲೆ ಬಿಸಿಯಾಗಿತ್ತು. ಪೆನ್ನು ತೆಗೆದು ವಡಾಲದ ಮೇಲೆ ಗೀಟು ಎಳೆದೆ. ಕಾಗದ ಹರಿಯುವಷ್ಟು ಜೋರಾಗಿ ಎಳೆದಿದ್ದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮಜ್ಜಿ ನನಗೇ ಎಷ್ಟು ಸಲ ಹೇಳಿದ್ದಳೋ. ಮಾಮ ಮಾತ್ರ ಫೋನ್ ಮಾಡಿ, "ಒಂದು ಸಲ ವಿಚಾರಿಸ್ಬಹುದಿತ್ತು" ಎಂದರು. "ಒಬ್ಬರಿಗೆ ಸಡಿಲ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗತ್ತೆ ಮಾಮ," ಎಂದೆ. ಅವರು ಕೆಮ್ಮಿ ಫೋನ್ ಇಟ್ಟರು.

ಆ ಜುಲೈಯಲ್ಲಿ ಮಳೆ ಹಿಡಿಯಿತು. ಮುಂಬಯಿಯಲ್ಲಿ ಇರುವವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಎರಡನೆಯ ದಿನ ಬೆಳಿಗ್ಗೆ ಹತ್ತಕ್ಕೆ ಲೋಕಲ್ ನಿಂತಿತು. ಹನ್ನೊಂದಕ್ಕೆ ಮಾಟುಂಗದಿಂದಾಚೆ ಮೊಬೈಲ್ ಸಿಗುವುದು ನಿಂತಿತು. ನಗರದ ತುರ್ತು ಕಚೇರಿಯಲ್ಲಿ ನಮ್ಮವರೊಬ್ಬರು ಸೆಟ್ ಹಿಡಿದು ಕೂತಿದ್ದರು. ಅಲ್ಲಿಗೆ ಬೇಕಾದ ಸುದ್ದಿಯನ್ನು ನಾವು ಬೇರೆ ಬೇರೆ ಜಾಗಗಳಿಂದ ತಲುಪಿಸಬೇಕು. ಬೊರಿವಲಿಯಲ್ಲಿ ಕರೆಂಟ್ ಇತ್ತು, ಆದ್ದರಿಂದ ಪಟ್ಟಿ ಹಿಡಿದು ಎಲ್ಲರನ್ನೂ ನಡೆಸುವ ಕೆಲಸ ನನ್ನದು. ಕರೆದೆ. ಪಟ್ಟಿಯಲ್ಲಿ ಆಗ ಉಳಿದಿದ್ದವರು ಹದಿನಾಲ್ಕು. ಓಗೊಟ್ಟವರು ಏಳು. ಇಷ್ಟು ವರ್ಷ ಮೇಜು ಹಾಕಿ ಕೂತದ್ದಕ್ಕೆ, ಕೂಗಿದ್ದಕ್ಕೆ, ಗದರಿದ್ದಕ್ಕೆ ಫಲ ಏಳು ಜನ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಮೈಕಿನ ವೈರು ಬಿಟ್ಟಷ್ಟು ದೂರ ಆ ಕಡೆ ಈ ಕಡೆ ನಡೆದಾಡುತ್ತಿದ್ದೆ.

ಮಧ್ಯಾಹ್ನ ಒಂದೂವರೆಗೆ ತುರ್ತು ಕಚೇರಿಯಿಂದ ಒಂದು ಕೋರಿಕೆ ಬಂತು. ವಡಾಲದ ಒಂದು ವೃದ್ಧಾಶ್ರಮದ ನೆಲಮಹಡಿಗೆ ನೀರು ನುಗ್ಗಿದೆ, ಫೋನ್ ಹೋಗುತ್ತಿಲ್ಲ. ಒಳಗೆ ಎಷ್ಟು ಜನ ಇದ್ದಾರೆ, ಎತ್ತಿಕೊಂಡೇ ತರಬೇಕಾದವರು ಎಷ್ಟು ಎಂದು ತಿಳಿದರೆ ಅದಕ್ಕೆ ತಕ್ಕ ದೋಣಿ ಕಳಿಸಬಹುದು. ವಡಾಲದಲ್ಲಿ ನಿಮ್ಮವರು ಯಾರಾದರೂ ಇದ್ದಾರೆಯೇ?

ನಾನು ಪಟ್ಟಿ ನೋಡಿದೆ. ನೋಡಬೇಕಾಗಿಯೇ ಇರಲಿಲ್ಲ.

ಹೆಂಡತಿ ಕಾಫಿ ಲೋಟ ಮೇಜಿನ ಮೇಲಿಡುತ್ತ, "ವಡಾಲದಲ್ಲಿ ಆ ಲ್ಯಾಬ್ ಹುಡುಗಿ ಇದ್ಲಲ್ಲ?" ಎಂದಳು.

"ಅವಳು ಲಿಸ್ಟಲ್ಲಿ ಇಲ್ಲ."

"ಲಿಸ್ಟಲ್ಲಿಲ್ಲ ಸರಿ. ವಡಾಲದಲ್ಲೂ ಇಲ್ವಾ?"

ಗೀಟು ಎಳೆದ ಹೆಸರನ್ನು ಎಲ್ಲರೂ ಕೇಳುತ್ತಿರುವಾಗ ನನ್ನ ಬಾಯಿಂದ ಹೇಗೆ ಕರೆಯುವುದು? ಕರೆದು ಅವಳು ಓಗೊಡದಿದ್ದರೆ ಮರ್ಯಾದೆ ಹೋಗುತ್ತದೆ. ಓಗೊಟ್ಟರೆ ಇನ್ನೂ ಹೋಗುತ್ತದೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಇದು. ಆಶ್ರಮದ ಮುದುಕರ ವಿಚಾರವಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಅಷ್ಟರಲ್ಲಿ ಮಾಮನ ದನಿ ಬಂತು. "ಬೊರಿವಲಿ, ಮಾಟುಂಗ. ನಾನು ಹೋಗಿ ನೋಡ್ತೇನೆ. ಇಲ್ಲೇ ಅಲ್ವಾ, ನಡೆದ್ರೆ ಅರ್ಧ ಗಂಟೆ."

ಅರವತ್ತೇಳು ವರ್ಷದವರು, ಕೆಮ್ಮು ಬೇರೆ, ಕೆಳಗೆ ರಸ್ತೆ ತುಂಬ ನೀರು. ಬೇಡ ಎನ್ನಬೇಕಾಗಿತ್ತು. ನಾನು, "ಸರಿ ಮಾಮ. ಬೇಗ ಹೊರಡಿ. ಹತ್ತು ನಿಮಿಷಕ್ಕೊಮ್ಮೆ ರಿಪೋರ್ಟ್ ಮಾಡಿ," ಎಂದೆ. ಬೇಗ ಎಂಬ ಮಾತನ್ನೂ ಸೇರಿಸಿದೆ.

ಹತ್ತು ನಿಮಿಷಕ್ಕೆ ವರದಿ ಬಂತು. "ಮೊಣಕಾಲಿನವರೆಗೆ ಉಂಟು. ತೊಂದರೆ ಇಲ್ಲ."

ಮತ್ತೆ ಹತ್ತು ನಿಮಿಷಕ್ಕೆ: "ಈಗ ಸೊಂಟಕ್ಕೆ ಬಂತು. ಡಿವೈಡರ್ ಹಿಡ್ಕೊಂಡು ಹೋಗ್ತಾ ಇದ್ದೇನೆ. ಚಪ್ಪಲಿ ಒಂದು ಸಮುದ್ರಕ್ಕೆ ಹೋಯ್ತು, ಇನ್ನೊಂದು ನನ್ನೊಟ್ಟಿಗೆ ಉಂಟು." ಯಾರೋ ನಕ್ಕರು. ನಾನು ಅವರನ್ನು ಗದರಿ ಸುಮ್ಮನಾಗಿಸಿದೆ.

ಮೂರನೆಯ ವರದಿ ಬರಲಿಲ್ಲ.

ಹನ್ನೆರಡು ನಿಮಿಷ ಆಯಿತು, ಹದಿನೈದಾಯಿತು. ಕರೆದೆ. ಮತ್ತೆ ಕರೆದೆ. ಸೆಟ್ಟಿನ ಬಟನ್ ಬಿಟ್ಟಾಗ ರಿಪೀಟರಿನ ಸಣ್ಣ ಟಕ್ ಸದ್ದು ಮಾತ್ರ ಕೇಳಿಬರುತ್ತಿತ್ತು. ಇಪ್ಪತ್ತು ನಿಮಿಷವಾಯಿತು. ಬಾಲ್ಕನಿಗೆ ಹೋದೆ, ಬಂದೆ, ಮತ್ತೆ ಕರೆದೆ. ಮಾಟುಂಗ, ಮಾಟುಂಗ, ಬೊರಿವಲಿ ಕರೆಯುತ್ತಿದ್ದೇನೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

ಆಗ ಒಂದು ದನಿ, ತುಂಬ ಮೆಲ್ಲಗೆ, "ಬ್ರೇಕ್" ಎಂದಿತು.

ನಡುವೆ ಬಾಯಿ ಹಾಕಲೇಬೇಕಾದ ಅವಸರ ಇದ್ದವರು ಹೇಳುವ ಒಂದೇ ಪದ ಅದು. ನನ್ನ ಕಾನೂನು ಬಂದ ಮೇಲೆ ಅದನ್ನು ಯಾರೂ ಹೇಳಿರಲಿಲ್ಲ.

"ಅಂಕಲ್, ವಡಾಲ. ಮಾತಾಡ್ಲಾ?"

"ಮಾತಾಡಮ್ಮ," ಎಂದೆ.

"ನಾನು ಬೆಳಿಗ್ಗೆಯಿಂದ ಕೇಳ್ತಾ ಇದ್ದೀನಿ. ಆ ಆಶ್ರಮ ನಮ್ ಬಿಲ್ಡಿಂಗ್ ಪೀಛೇ, ಹಿಂದೇನೇ ಇದೆ. ದೋ ಮಿನಿಟ್. ಹೋಗ್ಲಾ?"

ಎರಡು ನಿಮಿಷ. ನಾನು ಮುದುಕರೊಬ್ಬರನ್ನು ಸೊಂಟದುದ್ದ ನೀರಿನಲ್ಲಿ ಅರ್ಧ ಗಂಟೆಯ ದಾರಿ ಕಳಿಸಿದ್ದೆ, ಅವಳು ಎರಡು ನಿಮಿಷದ ದೂರದಲ್ಲಿ ಸೆಟ್ ಕಿವಿಗಿಟ್ಟುಕೊಂಡು, ನಾನು ಕರೆಯಲಿ ಎಂದು ಕಾಯುತ್ತ ಕೂತಿದ್ದಳು.

"ಹೋಗು," ಎಂದೆ.

ಆರೇಳು ನಿಮಿಷದಲ್ಲಿ ವರದಿ ಬಂತು, ಎಂದಿನಂತೆ ಚೊಕ್ಕವಾಗಿ. ಒಳಗೆ ಹನ್ನೊಂದು ಜನ. ಎಲ್ಲರನ್ನೂ ಮೊದಲ ಮಹಡಿಗೆ ಹತ್ತಿಸಿದ್ದಾರೆ. ಮೂವರನ್ನು ಎತ್ತಿಕೊಂಡೇ ತರಬೇಕು, ಒಬ್ಬ ಅಜ್ಜಿಗೆ ಆಕ್ಸಿಜನ್ ಇದೆ, ಸಿಲಿಂಡರ್ ಸಂಜೆವರೆಗೆ ಬರಬಹುದು. ನಾನು ಅದನ್ನು ಹಾಗೆಯೇ ತುರ್ತು ಕಚೇರಿಗೆ ದಾಟಿಸಿದೆ. ದೋಣಿ ಹೊರಟಿತು ಎಂದು ಉತ್ತರ ಬಂತು. ಅವಳಿಗೆ ಇನ್ನೇನು ಹೇಳಬೇಕು ಎಂದು ನಾನು ಪದ ಹುಡುಕುತ್ತಿದ್ದಾಗ ಅವಳೇ, "ಈಗ ಮಾಮನ್ನ ಹುಡುಕ್ಲಿಕ್ಕೆ ಹೋಗ್ತೀನಿ," ಎಂದಳು. ಈ ಸಲ ಹೋಗ್ಲಾ ಎಂದು ಕೇಳಲಿಲ್ಲ.

ಮುಂದಿನ ನಲವತ್ತು ನಿಮಿಷ ನಾನು ಏನು ಮಾಡಿದೆ ಎಂದು ನೆನಪಿಲ್ಲ. ನಡೆದಾಡಿದೆ ಎಂದು ಹೆಂಡತಿ ಹೇಳುತ್ತಾಳೆ. ದೇವರ ಮನೆಯ ಮುಂದೆ ಎರಡು ಸಲ ನಿಂತು, ಒಳಗೆ ಹೋಗದೆ ವಾಪಸ್ ಬಂದೆನಂತೆ.

ಮಾಮ ಸಿಕ್ಕಿದ್ದು ಒಂದು ಮುಚ್ಚಿದ ಮೆಡಿಕಲ್ ಶಾಪಿನ ಮೆಟ್ಟಿಲ ಮೇಲೆ. ನೀರಿನಡಿಯಲ್ಲಿ ಫುಟ್‌ಪಾತಿನ ಚಪ್ಪಡಿಯೊಂದು ಕಿತ್ತುಹೋಗಿತ್ತು. ಕಾಲು ಅದರೊಳಗೆ ಹೋಗಿ, ಮೊಣಕಾಲಿನ ಕೆಳಗೆ ಮುರಿದಿತ್ತು. ದಾರಿಯಲ್ಲಿದ್ದವರಿಬ್ಬರು ಎಳೆದು ಮೆಟ್ಟಿಲ ಮೇಲೆ ಕೂರಿಸಿದ್ದರು. ಸೆಟ್ ನೀರುಪಾಲಾಗಿತ್ತು. ಅವಳು ತನ್ನ ಸೆಟ್ಟನ್ನು ಅವರ ಬಾಯಿಯ ಹತ್ತಿರ ಹಿಡಿದಳು.

"ಬೊರಿವಲಿ, ಮಾಟುಂಗ ಹಾಜರು," ಎಂದರು ಮಾಮ. ನೋವಿಗೆ ದನಿ ನಡುಗುತ್ತಿತ್ತು. "ಇನ್ನೊಂದು ಚಪ್ಪಲಿಯೂ ಹೋಯ್ತು ಮಾರಾಯ್ರೆ."

ನಾನು ಮೈಕ್ ಕೆಳಗಿಟ್ಟು ಅತ್ತೆ. ಐವತ್ನಾಲ್ಕು ವರ್ಷದ ಗಂಡಸು, ಹೆಂಡತಿಯ ಮುಂದೆ, ಬಾಲ್ಕನಿ ಬಾಗಿಲು ತೆಗೆದಿಟ್ಟುಕೊಂಡು.

ಮಾಮನ ಕಾಲಿಗೆ ಪ್ಲೇಟ್ ಹಾಕಿದರು. ಆಸ್ಪತ್ರೆಯಲ್ಲಿ ನಾನು ತಪ್ಪಾಯಿತು ಎಂದು ಶುರುಮಾಡಿದರೆ ಅವರು ಕೈ ಅಡ್ಡ ಹಿಡಿದರು. "ನನ್ನ ಹತ್ರ ಹೇಳ್ಬೇಡಿ. ನಾನು ಹೋಗ್ತೇನೆ ಅಂತ ಹೇಳಿ ಹೋದವ. ಹೇಳುವುದಿದ್ರೆ ಅವಳ ಹತ್ರ ಹೇಳಿ."

"ನೀವೇ ಒಂದು ಮಾತು ಹೇಳಿದ್ರೆ ಅವಳು ವಾಪಸ್ ಬರ್ತಾಳೆ ಮಾಮ."

"ಬರ್ತಾಳೆ. ನನಗೋಸ್ಕರ ಬರ್ತಾಳೆ. ನಾನು ಸತ್ತ ಮೇಲೆ ಯಾರಿಗೋಸ್ಕರ ಬರುವುದು?" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಅವರು ನನ್ನ ಮೇಲೆ ಸಿಟ್ಟಾದದ್ದು ನಾನು ಕಂಡಂತೆ ಅದೊಂದೇ ಸಲ.

ಎರಡು ವಾರ ಹಾಜರಿ ಕರೆಯಲಿಲ್ಲ. ಭಾನುವಾರ ಒಂಬತ್ತಾದರೆ ಮನೆಯಲ್ಲಿ ನಿಲ್ಲಲಾಗದೆ ತರಕಾರಿ ತರಲು ಹೋಗುತ್ತಿದ್ದೆ. ಬೇಡದಿದ್ದ ತರಕಾರಿಯೂ ಬರುತ್ತಿತ್ತು. "ಫ್ರಿಜ್ಜಲ್ಲಿ ಜಾಗ ಇಲ್ಲ, ವಡಾಲಕ್ಕೆ ಹೋಗಿ ಬನ್ನಿ," ಎಂದಳು ಹೆಂಡತಿ.

ಒಂದು ಶನಿವಾರ ಹೋದೆ. ಅಂಧೇರಿಯಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿದು, ಪಟ್ಟಿಯ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು. ಇಷ್ಟು ಸಲ ವಡಾಲವನ್ನು ಕರೆದಿದ್ದೆ, ಒಮ್ಮೆಯೂ ವಡಾಲಕ್ಕೆ ಹೋಗಿರಲಿಲ್ಲ. ಹಳೆಯ ಕಾಲೊನಿಯ ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಅಡುಗೆಮನೆಯ ಕಿಟಕಿಗೆ ಒಂದು ಪೊರಕೆ ಕೋಲು ಕಟ್ಟಿ, ಅದಕ್ಕೆ ತಾಮ್ರದ ತಂತಿಯ ಆಂಟೆನಾ ಬಿಗಿದಿದ್ದಳು. ಅವಳಮ್ಮ ಕೂರಿಸಿ ಚಹಾ ಕೊಟ್ಟರು. ಅವಳು ಎದುರಿಗೆ ನಿಂತೇ ಇದ್ದಳು.

"ಏಪ್ರಿಲ್‌ನಲ್ಲಿ ಯಾಕೆ ಬರಲಿಲ್ಲ ಅಂತ ನಾನು ಕೇಳಲೇ ಇಲ್ಲ," ಎಂದೆ.

"ಸಂಡೇ ಮಾರ್ನಿಂಗ್ ಡ್ಯೂಟಿ ಬಂತು ಅಂಕಲ್. ಲ್ಯಾಬಲ್ಲಿ ಸೆಟ್ ಅಲೌಡ್ ಇಲ್ಲ." ಖಾಲಿ ಲೋಟ ಎತ್ತಿಕೊಳ್ಳುತ್ತ, "ಫೋನ್ ಮಾಡಿ ಹೇಳ್ಬೇಕು ಅಂತ ಇತ್ತು. ನೀವು ಗುಸ್ಸಾ ಮಾಡ್ತೀರಿ ಅಂತ ಹೆದ್ರಿಕೆ ಆಯ್ತು."

"ಆ ದಿನ... ಅಷ್ಟು ಹೊತ್ತು ಯಾಕೆ ಸುಮ್ಮನಿದ್ದೆ?"

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. "ನೀವು ಕರೀಲಿಲ್ಲ ಅಂಕಲ್. ಕರೀದೆ ಮಾತಾಡಬಾರದು ಅಂತ ನೀವೇ ಹೇಳಿದ್ರಿ. ನಾನು ಈಗ ಕರೀತಾರೆ, ಈಗ ಕರೀತಾರೆ ಅಂತ ಕೂತಿದ್ದೆ." ಅವಳ ಕಣ್ಣು ತುಂಬಿತು. "ಮಾಮ ಹೋಗ್ತೀನಿ ಅಂದಾಗ್ಲೇ ಹೇಳ್ಬೇಕಿತ್ತು. ಮೇರೀ ಗಲ್ತಿ. ರೋಜ್ ಅದೇ ನೆನಪಾಗ್ತದೆ."

ನನ್ನ ತಪ್ಪನ್ನು ಅವಳು ಇಷ್ಟು ದಿನ ಹೊತ್ತುಕೊಂಡು ಓಡಾಡಿದ್ದಳು. "ನಿನ್ನದಲ್ಲಮ್ಮ, ನನ್ನದು. ನನ್ನದೊಬ್ಬನದೇ," ಎಂದೆ. ಆ ಮಾತು ಹೇಳಲು ನಾನು ಬೊರಿವಲಿಯಿಂದ ತಯಾರಿ ಮಾಡಿಕೊಂಡು ಬಂದಿದ್ದೆ, ಆದರೂ ಹೇಳುವಾಗ ದನಿ ಬೇರೆ ಯಾರದೋ ಎನ್ನುವಂತೆ ಕೇಳಿಸಿತು. ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟೆ. "ಇನ್ನು ಮುಂದೆ ಹಾಜರಿ ನೀನು ಕರೆ. ನಿನಗೆ ಯಾವಾಗ ಆಗತ್ತೋ ಆಗ."

"ನನ್ನ ಕನ್ನಡ..."

"ನಮ್ಮಲ್ಲಿ ಯಾರದು ಸರಿಯಾಗಿದೆ?"

"ನೋಡ್ತೀನಿ," ಎಂದಳು. ಬರುತ್ತೇನೆ ಎನ್ನಲಿಲ್ಲ. ನೋಟ್‌ಬುಕ್ಕನ್ನು ಕೈಗೆತ್ತಿಕೊಳ್ಳಲೂ ಇಲ್ಲ. ನಾನು ಅದನ್ನು ಮೇಜಿನ ಮೇಲೇ ಬಿಟ್ಟು ಮೆಟ್ಟಿಲು ಇಳಿದು ಬಂದೆ. ಸ್ಟೇಷನ್ನಿನಲ್ಲಿ ಎರಡು ಗಾಡಿ ಬಿಟ್ಟು ಮೂರನೆಯದು ಹತ್ತಿದೆ.

ಹನ್ನೊಂದು ದಿನ ಸುದ್ದಿಯಿಲ್ಲ. ಹನ್ನೆರಡನೆಯ ದಿನ ಎಲ್ಲರ ಫೋನಿಗೂ ಅವಳಿಂದ ಒಂದು ಮೆಸೇಜ್ ಬಂತು: ಇನ್ನು ಮುಂದೆ ಹಾಜರಿ ಬುಧವಾರ ಸಂಜೆ ಏಳೂವರೆಗೆ. ಗೀಟು ಎಳೆಸಿಕೊಂಡವರಿಗೂ ಅದು ಹೋಗಿತ್ತು ಎಂದು ಆಮೇಲೆ ತಿಳಿಯಿತು.

ಬುಧವಾರ ಏಳಕ್ಕೇ ಮೇಜಿನೆದುರು ಕೂತೆ. ಸರಿಯಾಗಿ ಏಳೂವರೆಗೆ ಅವಳ ದನಿ ಬಂತು. ಮೊದಲು ಮಾಟುಂಗ. ಮಾಮ ಹಾಸಿಗೆಯಿಂದಲೇ ಹೊಸ ಸೆಟ್ಟಿನಲ್ಲಿ ಓಗೊಟ್ಟು, ರಾತ್ರಿಗೆ ಗಂಜಿ ಎಂದು ದೂರು ಹೇಳಿದರು. ಅವಳು ನಕ್ಕು, ಉಪ್ಪಿನಕಾಯಿ ಇದೆಯಾ ಎಂದು ಕೇಳಿದಳು. ಆಮೇಲೆ ದಾದರ್, ಕುರ್ಲಾ, ಮುಲುಂಡ್. ನಾನು ತಿಂಗಳುಗಟ್ಟಲೆ ಕೇಳದಿದ್ದ ದನಿಗಳು, ನಾನೇ ಹೊಡೆದುಹಾಕಿದ್ದ ಜಾಗಗಳು ಒಂದೊಂದಾಗಿ ಎದ್ದು ಬಂದವು. ನಾನು ಬಟನ್ನಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಕಾದೆ. ಪುಟ ತಿರುಗಿಸಿದ ಸದ್ದು ಕೇಳಿಸಿತು. ಗೋರೆಗಾಂವ್, ಮಲಾಡ್, ಕಾಂದಿವಲಿ. ಲೋಕಲ್ ದಾರಿಯಲ್ಲಿ ಮುಂದಿನ ಸ್ಟೇಷನ್ ನನ್ನದು, ಇನ್ನೇನು ಬೊರಿವಲಿ ಎಂದುಕೊಂಡೆ. ಅವಳು ದಹಿಸರ್ ಎಂದಳು.

ಬಿಟ್ಟಳು. ಸರಿಯಾಗೇ ಮಾಡಿದಳು. ಹಾಗೆಂದುಕೊಂಡ ಮೇಲೆಯೇ ನನಗೆ ಹೊಳೆದದ್ದು, ಅವಳು ಓದುತ್ತಿರುವುದು ನನ್ನದೇ ನೋಟ್‌ಬುಕ್, ನನ್ನದೇ ಕೈಬರಹ. ಕರೆಯುವವನ ಹೆಸರು ಪಟ್ಟಿಯಲ್ಲಿ ಇರುವುದಿಲ್ಲ. ಇಷ್ಟು ವರ್ಷ ನಾನು ಅದರಲ್ಲಿ ನನ್ನನ್ನು ಬರೆದುಕೊಂಡಿರಲೇ ಇಲ್ಲ. ಕಾನೂನಿನ ಪ್ರಕಾರ, ಕರೆಯದೆ ಬಾಯಿ ತೆಗೆಯುವಂತೆಯೂ ಇಲ್ಲ.

ಪಟ್ಟಿ ಮುಗಿಯಿತು. ಗಾಳಿಯಲ್ಲಿ ಸರಸರ ಸದ್ದು ಮಾತ್ರ ಉಳಿಯಿತು. ಮೂರು ಸೆಕೆಂಡೋ ನಾಲ್ಕು ಸೆಕೆಂಡೋ ಇರಬೇಕು. ಅವಳು ಆ ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಹೀಗೆ ಕೂತಿದ್ದಳು. ಮೇಜಿನ ಕೆಳಗೆ ನನ್ನ ಮೊಣಕಾಲು ಕುಣಿಯುವುದನ್ನು ನಿಲ್ಲಿಸಿತ್ತು.

"ಯಾರಾದ್ರೂ ಬಾಕಿ ಇದ್ದೀರಾ?" ಎಂದು ಕೇಳಿದಳು.

ನಾನು ಬಟನ್ ಒತ್ತಿದೆ. "ಬೊರಿವಲಿ," ಎಂದೆ. "ನಾನು ಬಾಕಿ ಇದ್ದೇನಮ್ಮ."